ಚಿಪ್ಪುಗಳಿಗೆ ಹೆಸರಿಟ್ಟ ಲಾಮಾರ್ಕ್

ದೇವರ ಕೋಣೆಯ ಶಂಖವನ್ನು ಕಾಣದವರು ನಮ್ಮಲ್ಲಿ ವಿರಳ. ಅದು ಕಡಲ ಬಸವನಹುಳುವೊಂದರ ಚಿಪ್ಪು. ವಿಜ್ಞಾನದಲ್ಲಿ ಅದರ ಹೆಸರು ಟರ್ಬಿನೆಲ್ಲಾ ಪೈರಮ್. ಇದರ ಎರಡನೆಯ ಪದವನ್ನು 1767ರಲ್ಲಿ ಇಟ್ಟವನು ಸ್ವೀಡನ್ನಿನ ಲಿನ್ನೇಯಸ್. ಮೊದಲನೆಯದನ್ನು 1799ರಲ್ಲಿ ಇಟ್ಟವನು ಫ್ರಾನ್ಸಿನ ಲಾಮಾರ್ಕ್. ಜಿರಾಫೆಯ ಉದ್ದ ಕತ್ತಿನ ಕಥೆಯಿಂದ ಶಾಲೆಯ ಮಕ್ಕಳಿಗೂ ಪರಿಚಿತನಾದ ಲಾಮಾರ್ಕನೇ ಈತ. ಆದರೆ ಚಿಪ್ಪುಗಳ ನಡುವೆ ಆತ ಸವೆಸಿದ ಬಾಳನ್ನು ಬಲ್ಲವರು ಕಡಿಮೆ.

ಲಾಮಾರ್ಕ್ ಹುಟ್ಟಿದ್ದು 1744ರ ಆಗಸ್ಟ್ 1ರಂದು, ಉತ್ತರ ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ಮನೆತನ ದೊಡ್ಡದು, ಕೈ ಬರಿದು. ಹನ್ನೊಂದು ಮಕ್ಕಳಲ್ಲಿ ಈತನೇ ಕಿರಿಯವನು. ಮಗ ಪಾದ್ರಿಯಾಗಲೆಂಬುದು ತಂದೆಯ ಇಚ್ಛೆ. ತಂದೆ ತೀರಿಕೊಂಡ ಮೇಲೆ ಹುಡುಗ ಓದು ಬಿಟ್ಟು ಸೈನ್ಯ ಸೇರಿದ. 1761ರಲ್ಲಿ ರಣರಂಗದಲ್ಲಿ ಮೆರೆದ ಧೈರ್ಯಕ್ಕಾಗಿ ಅಧಿಕಾರಿಯ ಪದವಿಯೂ ದೊರೆಯಿತು. ಕುತ್ತಿಗೆಯ ಬೇನೆ ಅಂಟಿಕೊಂಡಾಗ ಸೈನ್ಯವನ್ನೂ ಬಿಡಬೇಕಾಯಿತು. ಪ್ಯಾರಿಸಿನಲ್ಲಿ ಬ್ಯಾಂಕಿನ ಕೆಲಸ, ವೈದ್ಯಶಾಸ್ತ್ರದ ಓದು, ಕೊನೆಗೆ ಗಿಡಮರಗಳ ಒಲವು. ಫ್ರಾನ್ಸಿನ ಸಸ್ಯಗಳನ್ನು ಕುರಿತ ಆತನ ಗ್ರಂಥ ಹೆಸರು ಗಳಿಸಿತು. 1779ರಲ್ಲಿ ವಿಜ್ಞಾನ ಅಕಾಡೆಮಿಯ ಬಾಗಿಲು ತೆರೆಯಿತು.

1793ರಲ್ಲಿ ಪ್ಯಾರಿಸಿನ ರಾಜೋದ್ಯಾನ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಯಿತು. ಐವತ್ತರ ಹತ್ತಿರವಿದ್ದ ಈ ಸಸ್ಯಪಂಡಿತನ ಪಾಲಿಗೆ ಬಂದದ್ದು ಕೀಟ ಮತ್ತು ಹುಳುಗಳ ಪೀಠ. ಬೆನ್ನುಮೂಳೆಯಿಲ್ಲದ ಪ್ರಾಣಿಗಳೆಲ್ಲ ಆಗ ಅದರೊಳಗೇ ತುಂಬಿದ್ದವು, ಚಿಪ್ಪಿನ ಜೀವಿಗಳೂ ಸಹ.

ಚಿಪ್ಪುಗಳನ್ನು ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ಬಣ್ಣ ಬಿಸಿಲಿಗೆ ಮಾಸುತ್ತದೆ, ಗಾತ್ರ ವಯಸ್ಸಿನೊಡನೆ ಬದಲಾಗುತ್ತದೆ. ಆದುದರಿಂದ ಬಾಯಿಯ ಆಕಾರ, ತುದಿಯ ಸುರುಳಿ, ಒಳಗಿನ ನಡುಗಂಬ ಇವನ್ನೆಲ್ಲ ನೋಡಬೇಕು. ಈಗಾಗಲೇ ಹೆಸರಿರುವ ಪ್ರತಿಯೊಂದು ನೆಂಟನೊಡನೆಯೂ ಹೋಲಿಸಬೇಕು. ನಡುಗಂಬದಲ್ಲಿ ಮಡಿಕೆಗಳಿವೆ ಎಂಬ ಕಾರಣಕ್ಕೆ ಲಿನ್ನೇಯಸ್ ನಮ್ಮ ಶಂಖವನ್ನು ವೊಲ್ಯೂಟಾ ಎಂಬ ದೊಡ್ಡ ಕುಲಕ್ಕೆ ಸೇರಿಸಿದ್ದ. ಆ ಕುಲದ ಮುಖ್ಯ ಚಿಪ್ಪುಗಳ ಬಾಯಿಯ ಬುಡದಲ್ಲಿ ಒಂದು ಕಚ್ಚು ಮಾತ್ರ ಇರುತ್ತದೆ. ಶಂಖದ ಬಾಯಿಯಾದರೋ ಕೆಳಗೆ ತೋಡಿನಂತೆ ನೀಳವಾಗಿದೆ. ಇದನ್ನು ಗುರುತಿಸಿ ಲಾಮಾರ್ಕ್ ಟರ್ಬಿನೆಲ್ಲಾ ಎಂಬ ಪ್ರತ್ಯೇಕ ಕುಲವನ್ನು ಕಟ್ಟಿದ. 1810 ಮತ್ತು 1811ರಲ್ಲಿ ಶಂಕುಚಿಪ್ಪು ಹಾಗೂ ಕವಡೆಗಳ ಹಲವು ಹೊಸ ಪ್ರಭೇದಗಳನ್ನೂ ವರ್ಣಿಸಿದ.

ಇಷ್ಟಾದರೂ ಒಂದು ವಿಚಿತ್ರವನ್ನು ನಾವು ಗಮನಿಸಬೇಕು. ಸಂಗ್ರಹ ಬೆಳೆದಂತೆಲ್ಲ ಎರಡು ಪ್ರಭೇದಗಳ ನಡುವಿನ ಚಿಪ್ಪುಗಳೂ ಕೈಗೆ ಬಂದವು. ತಾನೇ ಎಳೆದ ಗೆರೆಗಳು ಮಸುಕಾದವು. ಪ್ಯಾರಿಸಿನ ಸುತ್ತಲ ಮಣ್ಣಿನಲ್ಲಿ ಹುದುಗಿದ್ದ ಪುರಾತನ ಚಿಪ್ಪುಗಳನ್ನೂ ಜೀವಂತ ಬಸವನಹುಳುಗಳ ಚಿಪ್ಪುಗಳನ್ನೂ ಆತ ಜೊತೆಗಿಟ್ಟು ನೋಡಿದ. ಪ್ರಭೇದಗಳು ಶಾಶ್ವತವಲ್ಲ, ಕಾಲಕ್ರಮದಲ್ಲಿ ಮಾರ್ಪಡುತ್ತವೆ ಎಂಬ ನಿಲುವು ಬಲಿಯಿತು. 1809ರ ಪುಸ್ತಕದಲ್ಲಿ ಅದನ್ನು ವಿವರವಾಗಿ ಮಂಡಿಸಿದ. ಮಾರ್ಪಾಡಿಗೆ ಆತ ಕೊಟ್ಟ ಕಾರಣವನ್ನು ವಿಜ್ಞಾನ ಮುಂದೆ ಒಪ್ಪಲಿಲ್ಲ; ಮಾರ್ಪಾಡನ್ನು ಒಪ್ಪಿತು. ಬದುಕಿದ್ದಾಗ ಆತನಿಗೆ ದಕ್ಕಿದ್ದು ಬಹುಮಟ್ಟಿಗೆ ಪರಿಹಾಸ್ಯವೇ.

ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಮಹಾಗ್ರಂಥ 1815ರಿಂದ 1822ರವರೆಗೆ ಏಳು ಸಂಪುಟಗಳಲ್ಲಿ ಹೊರಬಂತು. ಅಷ್ಟರೊಳಗೆ ಕಣ್ಣುಗಳು ಕೈಕೊಟ್ಟವು. ಕೂದಲೆಳೆಯ ವ್ಯತ್ಯಾಸ ಹುಡುಕಿ ಬಾಳಿದವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೇನಿದ್ದೀತು? ಮಗಳು ಆತನ ಕಣ್ಣಾದಳು. ಆತ ಹೇಳಿದ್ದನ್ನು ಬರೆದುಕೊಂಡಳು. 1822ರ ಸಂಪುಟದಲ್ಲಿ ಪರ್ಪ್ಯೂರಾ ಬುಫೊ ಎಂಬ ಹೊಸ ಪ್ರಭೇದವೊಂದಿದೆ. ಬುಫೊ ಎಂದರೆ ಲ್ಯಾಟಿನ್ನಿನಲ್ಲಿ ನೆಲಗಪ್ಪೆ. ದಪ್ಪ ಚಿಪ್ಪಿನ ಈ ಬಸವನಹುಳು ನಮ್ಮ ಪಶ್ಚಿಮ ಕರಾವಳಿಯ ಬಂಡೆಗಳಲ್ಲೂ ಇದೆ.

1829ರ ಡಿಸೆಂಬರ್ 18ರಂದು ಲಾಮಾರ್ಕ್ ಬಡತನದಲ್ಲೇ ಕಣ್ಮುಚ್ಚಿದ. ಹೂಳಿದ್ದು ಬಾಡಿಗೆಯ ನೆಲದಲ್ಲಿ. ಅವಧಿ ಮುಗಿದ ಮೇಲೆ ಮೂಳೆಗಳು ಎಲ್ಲಿ ಸೇರಿದುವೆಂಬುದು ತಿಳಿಯದಾಯಿತು. ಆತನ ಸ್ವಂತ ಚಿಪ್ಪುಗಳು ಮಾತ್ರ ಕೈಯಿಂದ ಕೈಗೆ ದಾಟಿ ಜಿನೀವಾ ನಗರದ ವಸ್ತುಸಂಗ್ರಹಾಲಯ ಸೇರಿದವು. ಹೊಸದೆನಿಸುವ ಚಿಪ್ಪು ನಿಜಕ್ಕೂ ಹೊಸದೇ, ಅಥವಾ ಲಾಮಾರ್ಕ್ ವರ್ಣಿಸಿದ್ದೇ ಎಂಬ ಸಂಶಯ ಬಂದಾಗ, ಹೋಲಿಸಿ ನೋಡಲು ವಿದ್ವಾಂಸರಿಗೆ ಆಧಾರವಾಗಿರುವುದು ಆತ ಕೈಯಾರೆ ವಿಂಗಡಿಸಿದ ಆ ಚಿಪ್ಪುಗಳೇ.