ಕಾರ್ಖಾನೆಯಲ್ಲಿ ಮನೆ ತಯಾರಿಸಲು ಹೊರಟಿದ್ದ ಮೈಸೂರಿನ ಮುಖ್ಯ ವಾಸ್ತುಶಿಲ್ಪಿ: ಒಟ್ಟೋ ಕೋನಿಗ್ಸ್‌ಬರ್ಗರ್ ಬದುಕಿನ ಕಥೆ

ಹಳೆ ಮನೆ ಕೆಡವಿ ಹೊಸದು ಕಟ್ಟಿಸುವವರ ಪಾಡು ಎಲ್ಲ ಊರಲ್ಲೂ ಒಂದೇ. ನಾಗಪುರದ ಧರಮಪೇಠ ಇರಲಿ, ಬೆಂಗಳೂರಿನ ಬಸವನಗುಡಿ ಇರಲಿ, ಗೇಟಿನ ಮುಂದೆ ಜಲ್ಲಿ-ಮರಳಿನ ರಾಶಿ, ಪಕ್ಕದ ಮನೆಯವರ ಮುನಿಸು, ತಿಂಗಳು ತಿಂಗಳೂ ಬಾಡಿಗೆಯ ಹೊರೆ. ಮೇಸ್ತ್ರಿ ಬಂದ ದಿನ ಸಿಮೆಂಟ್ ಇಲ್ಲ, ಸಿಮೆಂಟ್ ಬಂದ ದಿನ ಮೇಸ್ತ್ರಿ ಇಲ್ಲ. ಈ ರಗಳೆಯೇ ಬೇಡ, ಮನೆಯನ್ನು ಕಾರ್ಖಾನೆಯಲ್ಲೇ ತಯಾರಿಸಿ ಲಾರಿಯಲ್ಲಿ ತಂದು ನಿಲ್ಲಿಸಿಬಿಡೋಣ ಎನ್ನುವುದು ಈಗ ಎಲ್ಲೆಡೆ ಕೇಳಿಬರುತ್ತಿರುವ ಮಾತು. ಇಡೀ ಕೋಣೆಯನ್ನೇ ಸಿದ್ಧಪಡಿಸಿ ತಂದಿಟ್ಟರೆ ಅದು ಮಾಡ್ಯುಲರ್ ಮನೆ. ಗೋಡೆ, ಛಾವಣಿಗಳ ಹಲಗೆಗಳನ್ನು ತಂದು ಜೋಡಿಸುವುದು ಪ್ರಿಫ್ಯಾಬ್‌ನ ಇನ್ನೊಂದು ಬಗೆ.

ಹೊಸದೆನಿಸುವ ಈ ಮಾತಿಗೆ ಭಾರತದಲ್ಲಿ 75 ವರ್ಷ ಮೀರಿದ ವಯಸ್ಸಾಗಿದೆ. ಅದನ್ನು ನಂಬಿ ತಮ್ಮ ಹೆಸರನ್ನೇ ಪಣಕ್ಕಿಟ್ಟವರು ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ ಒಬ್ಬ ಜರ್ಮನ್ ವಾಸ್ತುಶಿಲ್ಪಿ. ಅವರೇ ಒಟ್ಟೋ ಕೋನಿಗ್ಸ್‌ಬರ್ಗರ್.

ಬರ್ಲಿನ್‌ನಿಂದ ಕೈರೋ, ಕೈರೋದಿಂದ ಬೆಂಗಳೂರು

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರ ಅಕ್ಟೋಬರ್ 13ರಂದು, ಬರ್ಲಿನ್‌ನಲ್ಲಿ. ತಂದೆಯೂ ವಾಸ್ತುಶಿಲ್ಪಿ. ತಾಯಿಯ ತಮ್ಮ ಇಲ್ಲವೇ ಅಣ್ಣ ಎನ್ನಬೇಕಾದ ಸೋದರಮಾವ ಸಾಮಾನ್ಯರಲ್ಲ, ಮುಂದೆ ನೊಬೆಲ್ ಪಡೆದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಅವರು ಓದುತ್ತಿದ್ದ ಕಾಲದ ಜರ್ಮನಿಯಲ್ಲಿ ಮನೆಗಳ ಬರ ಜೋರಾಗಿತ್ತು. ಫ್ರಾಂಕ್‌ಫರ್ಟ್ ನಗರದಲ್ಲಿ ಅರ್ನ್ಸ್ಟ್ ಮೇ ಎಂಬ ವಾಸ್ತುಶಿಲ್ಪಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಕ್ರೇನ್‌ನಿಂದ ಎತ್ತಿ ಜೋಡಿಸಿ ಬಡಾವಣೆಗಳನ್ನೇ ಎಬ್ಬಿಸುತ್ತಿದ್ದರು. ಆ ತಲೆಮಾರಿನ ಹುಡುಗರಿಗೆ ಮನೆ ಎಂದರೆ ಕಾರಿನಂತೆ ಕಾರ್ಖಾನೆಯಿಂದ ಹೊರಬರಬೇಕಾದ ವಸ್ತು.

1933ರಲ್ಲಿ ಕೋನಿಗ್ಸ್‌ಬರ್ಗರ್‌ಗೆ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಬಂತು. ಅದೇ ವರ್ಷ ನಾಜಿಗಳೂ ಅಧಿಕಾರಕ್ಕೆ ಬಂದರು. ಯಹೂದಿ ಮೂಲದವರಿಗೆ ಸರ್ಕಾರಿ ಕೆಲಸ ಇಲ್ಲ ಎಂದಾಯಿತು. ಯುವಕ ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿಕೊಂಡರು. ಅವರ ಡಾಕ್ಟರೇಟ್ ಪ್ರಬಂಧದ ವಿಷಯ ಈಜಿಪ್ಟಿನ ಪುರಾತನ ಬಾಗಿಲುಗಳ ರಚನೆ. ಪಿರಮಿಡ್ಡುಗಳ ನಾಡಿಗೆ ಹೋಗಿ ಬಾಗಿಲನ್ನು ಆರಿಸಿಕೊಂಡರಲ್ಲ ಎನಿಸಬಹುದು. ಆದರೆ ಒಂದು ಭಾಗ ಇನ್ನೊಂದಕ್ಕೆ ಹೇಗೆ ಕೂಡುತ್ತದೆ ಎಂಬ ಕುತೂಹಲ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಬದುಕಿನ ದೊಡ್ಡ ಸೋಲು ಬಂದದ್ದೂ ಅಲ್ಲಿಂದಲೇ.

ಸೋದರಮಾವ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಸಿ.ವಿ. ರಾಮನ್ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಆಗ ಆದ ಪರಿಚಯದ ಎಳೆ ಹಿಡಿದು ಸೋದರಳಿಯನ ಹೆಸರು ದಿವಾನ್ ಮಿರ್ಜಾ ಇಸ್ಮಾಯಿಲ್ ಕಿವಿಗೆ ಬಿತ್ತು. 1939ರಲ್ಲಿ, ಇನ್ನೂ 30ರ ಹರೆಯದಲ್ಲಿ, ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದಿಳಿದರು.

ಬೆಂಗಳೂರು ಕಲಿಸಿದ ಪಾಠ

ಒಂಬತ್ತು ವರ್ಷ ಅವರು ಈ ಹುದ್ದೆಯಲ್ಲಿದ್ದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ವಿನ್ಯಾಸ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಲೋಹಶಾಸ್ತ್ರ ವಿಭಾಗದ ಕಟ್ಟಡ, ವಿಮಾನ ತಂತ್ರಜ್ಞಾನದವರಿಗೆ ಬೇಕಾದ ವಿಂಡ್ ಟನಲ್ ಅವರ ಕೈಯಿಂದ ಬಂದವು. ಭದ್ರಾವತಿಯ ಯೋಜನೆ, ಟಾಟಾ ಕಂಪನಿಗಾಗಿ ಜಮ್ಶೆಡ್‌ಪುರದ ಅಭಿವೃದ್ಧಿ ನಕ್ಷೆ, ಆಮೇಲೆ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ, ಹೀಗೆ ಕೆಲಸ ಬೆಳೆಯುತ್ತಲೇ ಹೋಯಿತು.

ಯುದ್ಧದ ವರ್ಷಗಳವು. ಸಿಮೆಂಟ್ ಇಲ್ಲ, ಉಕ್ಕು ಇಲ್ಲ. ಇದ್ದದ್ದು ಕಲ್ಲು, ಇಟ್ಟಿಗೆ, ಹೆಂಚು ಮತ್ತು ಅವುಗಳನ್ನು ಬಲ್ಲ ಮೇಸ್ತ್ರಿಗಳು. ಬರ್ಲಿನ್‌ನಲ್ಲಿ ಕಲಿತ ಗಾಜಿನ ಗೋಡೆ ಬೆಂಗಳೂರಿನ ಏಪ್ರಿಲ್ ಬಿಸಿಲಿಗೂ ಆಷಾಢದ ಗಾಳಿ-ಮಳೆಗೂ ಹೊಂದುವುದಿಲ್ಲ ಎಂಬುದು ಅವರಿಗೆ ಬೇಗ ಅರ್ಥವಾಯಿತು. ಉದ್ದನೆಯ ಸಜ್ಜಾ, ವರಾಂಡ, ಎದುರು-ಬದುರು ಕಿಟಕಿಗಳು ಅವರ ನಕ್ಷೆಗಳಲ್ಲಿ ಜಾಗ ಪಡೆದವು. ನೋಡಲು ಸರಳವಾದ, ಅಲಂಕಾರವಿಲ್ಲದ ಈ ಕಟ್ಟಡಗಳು ಅರಮನೆಯ ವೈಭವಕ್ಕೆ ಒಗ್ಗಿದ ಕಣ್ಣುಗಳಿಗೆ ಅಷ್ಟೇನೂ ಹಿಡಿಸಿರಲಿಕ್ಕಿಲ್ಲ.

ದಿಲ್ಲಿಯ ಹೊಣೆ

1947ರ ದೇಶ ವಿಭಜನೆ ಎಲ್ಲವನ್ನೂ ಬದಲಿಸಿತು. ದಿಲ್ಲಿಯೊಂದಕ್ಕೇ ಸುಮಾರು 5 ಲಕ್ಷ ನಿರಾಶ್ರಿತರು ಬಂದರು. ಹಳೆಯ ಕೋಟೆಯಲ್ಲಿ, ಶಾಲೆಗಳಲ್ಲಿ, ಡೇರೆಗಳಲ್ಲಿ, ಕೊನೆಗೆ ಫುಟ್‌ಪಾತಿನಲ್ಲಿ ಸಂಸಾರಗಳು. ಚಳಿಗಾಲ ಬರುವಷ್ಟರಲ್ಲಿ ತಲೆಯ ಮೇಲೆ ಸೂರು ಬೇಕು. 1948ರಲ್ಲಿ ಕೇಂದ್ರ ಸರ್ಕಾರ ಕೋನಿಗ್ಸ್‌ಬರ್ಗರ್ ಅವರನ್ನು ದಿಲ್ಲಿಗೆ ಕರೆಸಿ ವಸತಿ ನಿರ್ದೇಶಕರನ್ನಾಗಿ ಮಾಡಿತು. ಆಗ ವಸತಿ ಇದ್ದದ್ದು ರಾಜಕುಮಾರಿ ಅಮೃತ್ ಕೌರ್ ಅವರ ಆರೋಗ್ಯ ಸಚಿವಾಲಯದಲ್ಲಿ.

ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಇಷ್ಟು ಮನೆ ಕಟ್ಟುವುದು ಯಾವಾಗ? ಯುದ್ಧ ಮುಗಿದ ಬ್ರಿಟನ್ ಆಗಷ್ಟೇ ಸುಮಾರು 1 ಲಕ್ಷ 56 ಸಾವಿರ ಪ್ರಿಫ್ಯಾಬ್ ಮನೆಗಳನ್ನು ನಾಲ್ಕೈದು ವರ್ಷದಲ್ಲಿ ನಿಲ್ಲಿಸಿ ತೋರಿಸುತ್ತಿತ್ತು. ವಿಮಾನ ಮಾಡುತ್ತಿದ್ದ ಕಾರ್ಖಾನೆಗಳೇ ಅಲ್ಲಿ ಮನೆ ಮಾಡಿದವು. ಪ್ರಧಾನಿ ನೆಹರೂಗೂ ಈ ದಾರಿಯಲ್ಲಿ ಉತ್ಸಾಹವಿತ್ತು. ದಿಲ್ಲಿಯ ಜಂಗಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ತಲೆಯೆತ್ತಿತು.

ಕೋನಿಗ್ಸ್‌ಬರ್ಗರ್ ನಂಬಿದ್ದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದು ಇಂದಿಗೂ ಮಾಡ್ಯುಲರ್ ಮನೆಯ ಪರ ಹೇಳುವ ಲೆಕ್ಕವೇ. ನಿವೇಶನದಲ್ಲಿ ಕಟ್ಟುವಾಗ ಒಂದರ ನಂತರ ಒಂದು ಕೆಲಸ ಆಗಬೇಕು. ಪಾಯ ಮುಗಿಯದೆ ಗೋಡೆ ಏಳದು, ಗೋಡೆ ಏಳದೆ ಸೆಂಟ್ರಿಂಗ್ ಹೊಡೆಯಲಾಗದು, ಮೋಲ್ಡ್ ಹಾಕಿದ ಮೇಲೆ ವಾರಗಟ್ಟಲೆ ನೀರುಣಿಸಿ ಕಾಯಬೇಕು. ಕಾರ್ಖಾನೆ ಇದ್ದರೆ ಇತ್ತ ಪಾಯ ತೆಗೆಯುವಾಗಲೇ ಅತ್ತ ಗೋಡೆ ತಯಾರು. ಮಳೆ ಬಂದರೂ ಕೆಲಸ ನಿಲ್ಲದು. ಒಂದೇ ಅಚ್ಚಿನಲ್ಲಿ ನೂರಾರು ಹಲಗೆ ಎರಕ ಹೊಯ್ಯಬಹುದಾದ್ದರಿಂದ ಸೆಂಟ್ರಿಂಗ್ ಮರ ಉಳಿಯುತ್ತದೆ, ಅಳತೆ ತಪ್ಪುವುದಿಲ್ಲ, ಒಡೆದು ಬಿಸಾಡುವ ಇಟ್ಟಿಗೆ-ಗಾರೆಯ ನಷ್ಟ ಇರುವುದಿಲ್ಲ. ಸಾವಿರ ಮನೆ ಬೇಕಾದಾಗ ಈ ಒಂದೊಂದು ಉಳಿತಾಯವೂ ಸಾವಿರ ಪಟ್ಟು.

ಬಿರುಕು ಬಿಟ್ಟ ಹಲಗೆಗಳು

ಕೈಕೊಟ್ಟದ್ದು ವಸ್ತು. ಗೋಡೆಗೆ ಆರಿಸಿಕೊಂಡದ್ದು ಒಳಗೆ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್. ಎತ್ತಲು ಸುಲಭ, ಬಿಸಿಲಿಗೂ ಒಳ್ಳೆಯದು. ಆದರೆ ಈ ಬಗೆಯ ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಸರಿಯಾಗಿ ಹದ ಮಾಡದೆ ಆತುರಪಟ್ಟರೆ ಬಿರುಕು ಖಚಿತ. ಜಂಗಪುರದಲ್ಲಿ ಆದದ್ದೂ ಅದೇ. ಹಲಗೆಗಳು ಬಿರಿದವು, ಸಾಗಿಸುವಾಗ ಅಂಚು ಮುರಿದವು, ಜೋಡಿಸಲು ಹೋದರೆ ಕೂಡಲಿಲ್ಲ. ಬಾಗಿಲುಗಳ ಕೀಲು-ಸಂದುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮನುಷ್ಯನ ಕಾರ್ಖಾನೆ ಗೋಡೆಗಳ ಸಂದಿನಲ್ಲಿ ಸೋತಿತು.

ಡೇರೆಗಳಲ್ಲಿ ಜನ ಕಾಯುತ್ತಿದ್ದರು. ಸಂಸತ್ತಿನಲ್ಲಿ ಪ್ರಶ್ನೆಗಳು ಎದ್ದವು. ಹೊಸ ದೇಶದ ಬಡ ಬೊಕ್ಕಸದ ಹಣ ನೀರುಪಾಲಾಯಿತು ಎಂಬ ಟೀಕೆ ಪತ್ರಿಕೆಗಳಲ್ಲೂ ಬಂತು. ಟೀಕೆಯಲ್ಲಿ ನ್ಯಾಯವಿತ್ತು. ಬೆರಳೆಣಿಕೆಯ ಮನೆಗಳನ್ನು ಮಾಡಿ, ಒಂದು ಬೇಸಿಗೆ, ಒಂದು ಮಳೆಗಾಲ ನಿಲ್ಲಿಸಿ ನೋಡಿದ ಮೇಲೆ ದೊಡ್ಡ ಕಾರ್ಖಾನೆಗೆ ಕೈಹಾಕಬಹುದಿತ್ತು. ಆದರೆ 1948ರ ದಿಲ್ಲಿಯಲ್ಲಿ ಒಂದು ವರ್ಷ ಕಾಯೋಣ ಎಂದು ಹೇಳುವ ಧೈರ್ಯ ಯಾರಿಗಿತ್ತು?

ಇದೇ ಹೊತ್ತಿಗೆ ದಿಲ್ಲಿಯ ಪಕ್ಕದ ಫರೀದಾಬಾದಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಅಲ್ಲಿ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ನಿರಾಶ್ರಿತರಿಗೆ ಮನೆ ಕಟ್ಟಿಕೊಡುವ ಬದಲು, ಅವರನ್ನೇ ಸಹಕಾರ ಸಂಘಗಳಲ್ಲಿ ಸೇರಿಸಿ ಅವರ ಊರನ್ನು ಅವರಿಂದಲೇ ಕಟ್ಟಿಸಲಾಯಿತು. ಇದರ ಹಿಂದಿದ್ದ ಸಹಕಾರಿ ಚಳವಳಿಯನ್ನು ಮುನ್ನಡೆಸಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ವ್ಯಾಪಾರ, ಒಕ್ಕಲುತನ ಬಿಟ್ಟು ಬೇರೆ ತಿಳಿಯದ ಜನ ಗಾರೆ ಕೆಲಸ ಕಲಿತು ಸಾವಿರಾರು ಮನೆ ಎಬ್ಬಿಸಿದರು. ಮನೆಯ ಜೊತೆಗೆ ಕೂಲಿಯೂ ಸಿಕ್ಕಿತು. ಕಾರ್ಖಾನೆ ಎಷ್ಟೇ ಚುರುಕಾಗಿದ್ದರೂ ಕೊಡಲಾಗದ್ದು ಇದು. ಕೈಗೆ ಕೆಲಸವಿಲ್ಲದ ಜನ ಲಕ್ಷಗಟ್ಟಲೆ ಇದ್ದ ದೇಶದಲ್ಲಿ ಕೂಲಿಯಾಳು ಉಳಿಸುವುದು ಉಳಿತಾಯವೋ ನಷ್ಟವೋ ಎಂಬ ಪ್ರಶ್ನೆಯನ್ನು ಫರೀದಾಬಾದ್ ಎತ್ತಿತು. ಆ ಊರಿನ ಯೋಜನೆಯಲ್ಲಿ ಕೋನಿಗ್ಸ್‌ಬರ್ಗರ್ ಪಾಲೂ ಇತ್ತು. ಅಂದರೆ ಎರಡು ದಾರಿಗಳನ್ನೂ ಅವರು ಹತ್ತಿರದಿಂದ ಕಂಡಿದ್ದರು.

ಲಂಡನ್‌ನಲ್ಲಿ ಮತ್ತೊಂದು ಬದುಕು

1951ರಲ್ಲಿ ಅವರು ಭಾರತ ಬಿಟ್ಟು ಲಂಡನ್‌ಗೆ ಹೋದರು. ಹೆಸರಿಗೆ ಮಸಿ ಬಿದ್ದಿತ್ತು, ವಯಸ್ಸು 42. ಅಲ್ಲಿಗೇ ಮುಗಿಯಿತು ಎನ್ನಬಹುದಾಗಿದ್ದ ಬದುಕು ನಿಜಕ್ಕೂ ಶುರುವಾದದ್ದು ಆಮೇಲೆ. 1954ರಲ್ಲಿ ಲಂಡನ್‌ನ ಆರ್ಕಿಟೆಕ್ಚರಲ್ ಅಸೋಸಿಯೇಷನ್‌ನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದರ ಮುಖ್ಯಸ್ಥರಾದ ಕೋನಿಗ್ಸ್‌ಬರ್ಗರ್ ಏಷ್ಯಾ, ಆಫ್ರಿಕಾದ ತಲೆಮಾರುಗಳಿಗೆ ಪಾಠ ಹೇಳಿದರು. ಬೆಂಗಳೂರಿನಲ್ಲಿ ಕಲಿತದ್ದೇ ಅಲ್ಲಿ ಪಠ್ಯವಾಯಿತು.

ವಿಶ್ವಸಂಸ್ಥೆಯ ಸಲಹೆಗಾರರಾಗಿ ಅವರು ಚಾರ್ಲ್ಸ್ ಅಬ್ರಾಮ್ಸ್, ವ್ಲಾದಿಮಿರ್ ಬೋದಿಯಾನ್ಸ್ಕಿ ಜೊತೆ ಇಂದಿನ ಘಾನಾಕ್ಕೆ ಹೋದರು. ಅಲ್ಲಿ ಡಚ್ ಕಂಪನಿಯೊಂದರ ಕಾಂಕ್ರೀಟ್ ಪ್ರಿಫ್ಯಾಬ್ ಮನೆಗಳ ಯೋಜನೆ ನಡೆಯುತ್ತಿತ್ತು. ಅದನ್ನು ಮುಂದುವರಿಸುವುದು ಬೇಡ ಎಂದು ತಂಡ ಸಲಹೆ ಕೊಟ್ಟಿತು. ಹಳ್ಳಿಯವರಿಗೆ ಮಣ್ಣಿನ ಗೋಡೆ ಎಬ್ಬಿಸಿಕೊಳ್ಳುವುದು ಗೊತ್ತು, ಕೊಳ್ಳಲಾಗದ್ದು ಛಾವಣಿ ಮಾತ್ರ. ಹಾಗಾಗಿ ಛಾವಣಿಗಷ್ಟೇ ಸಾಲ ಕೊಡಿ ಎಂದಿತು. ಜಂಗಪುರದ ಗಾಯ ನೋಡಿದವರಿಗೆ ಈ ಸಲಹೆಯ ಬೇರು ಎಲ್ಲಿದೆ ಎಂದು ಊಹಿಸುವುದು ಕಷ್ಟವಲ್ಲ. ಅದೇ ಅಬ್ರಾಮ್ಸ್ ಜೊತೆ 1963ರಲ್ಲಿ ಸಿಂಗಪುರಕ್ಕೂ ಹೋಗಿ ಆ ನಗರದ ಬೆಳವಣಿಗೆ ಕುರಿತು ವರದಿ ಕೊಟ್ಟರು.

1971ರಲ್ಲಿ ಅವರ ವಿಭಾಗ ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸೇರಿತು. ಮನೆ ಕಟ್ಟುವ ಜಾಗದ ಉಷ್ಣಾಂಶ, ತೇವಾಂಶ, ಮಳೆಯ ಅಂಕಿ ತುಂಬಿಸಿದರೆ ಗೋಡೆ ದಪ್ಪವಿರಬೇಕೇ, ಕಿಟಕಿ ಎಷ್ಟು ದೊಡ್ಡದಿರಬೇಕು ಎಂದು ತಿಳಿಸುವ ಮಾಹೊನಿ ಕೋಷ್ಟಕಗಳು ಹುಟ್ಟಿದ್ದೂ ಅದೇ ಬಳಗದಲ್ಲಿ. ಸಹೋದ್ಯೋಗಿಗಳೊಂದಿಗೆ ಅವರು 1970ರ ದಶಕದಲ್ಲಿ ಬರೆದ ಉಷ್ಣವಲಯದ ಮನೆಗಳ ಕೈಪಿಡಿ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಮಾಡ್ಯುಲರ್ ಮನೆ ಕೊಳ್ಳಲು ಹೊರಟವರಿಗೂ ಆ ಕೋಷ್ಟಕಗಳು ಕೆಲಸಕ್ಕೆ ಬರುತ್ತವೆ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದಲ್ಲಿ ಹಗಲ ಬಿಸಿಯನ್ನು ತಡೆದು ನಿಧಾನವಾಗಿ ಒಳಬಿಡುವ ದಪ್ಪ ಗೋಡೆ ಬೇಕು. ತೆಳುವಾದ ಹಲಗೆಗೆ ಒಳ್ಳೆಯ ಉಷ್ಣನಿರೋಧಕ ಪದರ ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಮನೆ ಒಲೆಯಾಗುತ್ತದೆ. ಕಡಲಿನಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೇ ಹಲಗೆ ನಡೆದೀತು. ಮಂಗಳೂರಿನ ಮಳೆಗೆ ನೋಡಬೇಕಾದದ್ದು ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿ ಸಂದುಗಳಲ್ಲಿ ನೀರು ಇಳಿಯುತ್ತದೆಯೇ ಎಂಬುದನ್ನು. ಇನ್ನು ಧರಮಪೇಠದಂಥ ತುಂಬಿದ ಬಡಾವಣೆಯ ಒಳರಸ್ತೆಗೆ ಉದ್ದನೆಯ ಲಾರಿ, ಕ್ರೇನ್ ನುಗ್ಗುತ್ತವೆಯೇ ಎಂದು ಮುಂಗಡ ಕೊಡುವ ಮೊದಲೇ ಅಳೆದು ನೋಡಬೇಕು.

ಜಂಗಪುರದ ಕಾರ್ಖಾನೆ ಸಾಯಲಿಲ್ಲ. 1953ರಲ್ಲಿ ಅದು ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಯಿತು, 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಮನೆಗಿಂತ ಹೆಚ್ಚಾಗಿ ವಿದ್ಯುತ್ ಕಂಬ, ರೈಲ್ವೆ ಸ್ಲೀಪರ್‌ಗಳಂಥ ಕಾಂಕ್ರೀಟ್ ಸಾಮಗ್ರಿ ಮಾಡಿ ಬದುಕಿತು. 2021ರ ಜನವರಿ 1ರಂದು ಕೇಂದ್ರ ಸರ್ಕಾರ ಆರು ನಗರಗಳಲ್ಲಿ ಲೈಟ್ ಹೌಸ್ ವಸತಿ ಯೋಜನೆಗೆ ಅಡಿಗಲ್ಲು ಹಾಕಿದಾಗ ಹಳೆಯ ಕನಸು ಮತ್ತೆ ಎದ್ದು ಕೂತಿತು. ರಾಂಚಿಯಲ್ಲಿ ಇಡೀ ಕೋಣೆಗಳನ್ನೇ ಎರಕ ಹೊಯ್ದು ಒಂದರ ಮೇಲೊಂದು ಪೇರಿಸುವ ವಿಧಾನ ಆರಿಸಿಕೊಂಡರು. ಚೆನ್ನೈನಲ್ಲಿ ಪ್ರಿಕಾಸ್ಟ್ ಕಾಂಕ್ರೀಟ್ ಭಾಗಗಳಿಂದ 1,152 ಮನೆಗಳು ಎದ್ದವು, 2022ರ ಮೇ ತಿಂಗಳಲ್ಲಿ ಉದ್ಘಾಟನೆಯೂ ಆಯಿತು.

ಇದನ್ನು ನೋಡಲು ಕೋನಿಗ್ಸ್‌ಬರ್ಗರ್ ಇರಲಿಲ್ಲ. 1999ರ ಜನವರಿ 3ರಂದು, 90ನೇ ವಯಸ್ಸಿನಲ್ಲಿ, ಲಂಡನ್‌ನಲ್ಲಿ ಅವರು ತೀರಿಕೊಂಡರು.