ಅಧಿಕಾರ ಕೈಬಿಡುವುದೆಂದು ತಿಳಿದೂ ಏಕೀಕರಣದ ಪರ ನಿಂತ ಕೆಂಗಲ್ ಹನುಮಂತಯ್ಯ

ನವೆಂಬರ್ ಬಂತೆಂದರೆ ನಮ್ಮ ಗಡಿನಾಡ ಕನ್ನಡ ಶಾಲೆಗಳಲ್ಲಿ ರಾಜ್ಯೋತ್ಸವದ ಸಿದ್ಧತೆ ಆರಂಭವಾಗುತ್ತದೆ. ಮಕ್ಕಳು ಏಕೀಕರಣದ ಕುರಿತು ಭಾಷಣ ಮಾಡುತ್ತಾರೆ. ಏಕೀಕರಣವಾಯಿತೆಂದಾದರೆ ನಾವೇಕೆ ಹೊರಗುಳಿದೆವು ಎಂದು ಅವರಲ್ಲೊಬ್ಬರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರಿಸುವಾಗಲೆಲ್ಲ ನಾವು ನೆನೆಯುವ ಹೆಸರು ಕೆಂಗಲ್ ಹನುಮಂತಯ್ಯನವರದು.

ಹನುಮಂತಯ್ಯನವರು 1908ರ ಫೆಬ್ರವರಿಯಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ಒಕ್ಕಲು ಮನೆತನದಲ್ಲಿ ಜನಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಾನೂನು ಓದಿ, ಬೆಂಗಳೂರಿನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಸ್ವಾತಂತ್ರ್ಯ ಚಳವಳಿ ಅವರನ್ನು ನ್ಯಾಯಾಲಯದಿಂದ ಸೆರೆಮನೆಗೆ ಕರೆದೊಯ್ದಿತು. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡಿದ ಮುಂದಾಳುಗಳಲ್ಲಿ ಅವರೊಬ್ಬರು. ಸಂವಿಧಾನ ರಚನಾ ಸಭೆಯಲ್ಲಿಯೂ ಮೈಸೂರಿನ ಪ್ರತಿನಿಧಿಯಾಗಿ ಕುಳಿತರು. ಮೊದಲ ಮಹಾಚುನಾವಣೆಯ ನಂತರ, 1952ರ ಮಾರ್ಚ್ 30ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು.

ಅವರ ಹೆಸರು ಹೇಳಿದೊಡನೆ ಎಲ್ಲರಿಗೂ ಕಣ್ಣಮುಂದೆ ಬರುವುದು ವಿಧಾನಸೌಧ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅದಕ್ಕೆ ಅಡಿಗಲ್ಲನ್ನಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಕೆ. ಸಿ. ರೆಡ್ಡಿಯವರು. ಆಗಿನ ಯೋಜನೆ ಸರಳವಾದದ್ದು. ಹನುಮಂತಯ್ಯನವರು ಅದನ್ನು ಬದಲಿಸಿ, ಎಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರಿಂದ ದ್ರಾವಿಡ ಶೈಲಿಯ ಭವ್ಯ ಕಲ್ಲುಕಟ್ಟಡವನ್ನು ಕಟ್ಟಿಸಿದರು. ಅರಮನೆ ರಾಜನದಾದರೆ ಇದು ಪ್ರಜೆಗಳದು ಎಂಬ ಭಾವ ಆ ಕಟ್ಟಡದಲ್ಲಿದೆ. ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದೇ ಬಗೆಯಬೇಕೆಂಬ ಮಾತನ್ನು ಅದರ ಹಣೆಯ ಮೇಲೆ ಕೆತ್ತಿಸಿದರು. ದುಂದುವೆಚ್ಚವೆಂಬ ಆಪಾದನೆಯೂ ಜೊತೆಗೇ ಬಂದಿತು, ವಿಚಾರಣೆಯೂ ನಡೆಯಿತು. ಹಿಡಿದ ಕೆಲಸವನ್ನು ಬಿಡದ ಛಲ, ಎದುರಾಡಿದವರನ್ನು ಓಲೈಸದ ನೇರ ನುಡಿ ಅವರ ಸ್ವಭಾವ. ಆಡಳಿತಕ್ಕೆ ಅದೇ ಬಲವಾಯಿತು. ಪಕ್ಷದೊಳಗೆ ಅದೇ ಹಗೆಗಳನ್ನೂ ತಂದಿತು.

ಆದರೆ ಅವರ ನಾಯಕತ್ವವನ್ನು ಒರೆಗೆ ಹಚ್ಚಿದ್ದು ಏಕೀಕರಣ. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ವರದಿ ಸಲ್ಲಿಸಿ, ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳನ್ನು ಒಂದುಗೂಡಿಸಲು ಶಿಫಾರಸು ಮಾಡಿತು. ಹಳೆಯ ಮೈಸೂರಿನ ಅನೇಕ ನಾಯಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಕೋಲಾರದ ಚಿನ್ನ, ಜೋಗದ ವಿದ್ಯುತ್ತು, ಕನ್ನಂಬಾಡಿಯ ನೀರು ಇರುವ ಸಂಪನ್ನ ರಾಜ್ಯವು ಹಿಂದುಳಿದ ಪ್ರದೇಶಗಳ ಭಾರವನ್ನೇಕೆ ಹೊರಬೇಕೆಂದು ಅವರು ವಾದಿಸಿದರು. ಎರಡು ಕನ್ನಡ ರಾಜ್ಯಗಳಿರಲಿ ಎಂದವರೂ ಇದ್ದರು. ಜಾತಿಬಲದ ಲೆಕ್ಕಾಚಾರವೂ ಇದರ ಹಿಂದಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವಿಶಾಲ ರಾಜ್ಯದಲ್ಲಿ ಅಧಿಕಾರದ ತಕ್ಕಡಿ ಉತ್ತರಕ್ಕೆ ವಾಲುವುದೆಂಬ ಅಂಜಿಕೆ ಹಳೆಯ ಮೈಸೂರಿನ ಒಕ್ಕಲಿಗ ಮುಖಂಡರಲ್ಲಿತ್ತು.

ಹನುಮಂತಯ್ಯನವರೂ ಅದೇ ಸಮುದಾಯದವರು. ದೊಡ್ಡ ರಾಜ್ಯದಲ್ಲಿ ತಮ್ಮ ಸ್ಥಾನ ಉಳಿಯುವುದು ಕಷ್ಟವೆಂಬುದನ್ನು ಅವರು ಅರಿಯದವರಲ್ಲ. ಸುಮ್ಮನಿದ್ದಿದ್ದರೆ ವಿರೋಧಿಗಳ ಬೆಂಬಲ ಅವರಿಗೇ ದೊರೆಯುತ್ತಿತ್ತು. ಆದರೂ ತಮ್ಮವರ ವಿರೋಧವನ್ನು ಎದುರಿಸಿ ಏಕೀಕರಣದ ಪರ ಗಟ್ಟಿಯಾಗಿ ನಿಂತರು. 1956ರ ಆಗಸ್ಟಿನಲ್ಲಿ ಸ್ವಪಕ್ಷದ ಶಾಸಕರ ವಿಶ್ವಾಸ ತಪ್ಪಿ ಅವರು ರಾಜೀನಾಮೆ ನೀಡಬೇಕಾಯಿತು. ಕಡಿದಾಳ್ ಮಂಜಪ್ಪನವರು ಕೆಲವು ವಾರಗಳ ಮಟ್ಟಿಗೆ ಮುಖ್ಯಮಂತ್ರಿಯಾದರು. ನವೆಂಬರ್ 1ರಂದು ಹೊಸ ರಾಜ್ಯ ಉದಯಿಸಿದಾಗ ಆ ಸ್ಥಾನ ಎಸ್. ನಿಜಲಿಂಗಪ್ಪನವರದಾಯಿತು. ವಿಧಾನಸೌಧವನ್ನು ಕಟ್ಟಿಸಿದವರು ಅಲ್ಲಿಂದ ರಾಜ್ಯವಾಳಲಿಲ್ಲ.

ಮುಂದೆ ಅವರು ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಮೊರಾರ್ಜಿ ದೇಸಾಯಿಯವರ ನಂತರ 1967ರಲ್ಲಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. 1971ರಿಂದ 1972ರವರೆಗೆ ಕೇಂದ್ರದ ರೈಲ್ವೆ ಸಚಿವರಾಗಿದ್ದರು. 1980ರ ಡಿಸೆಂಬರ್ 1ರಂದು ನಿಧನರಾದರು.

ಈಗ ಮಕ್ಕಳ ಪ್ರಶ್ನೆಗೆ ಮರಳೋಣ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗಲೇ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾಗಿದ್ದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು, ತಾಳವಾಡಿಗಳು ಮದ್ರಾಸಿನಲ್ಲಿಯೂ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿಯೂ ಉಳಿದವು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ ಇಂದಿಗೂ ಜಾರಿಯಾಗಿಲ್ಲ. ಹನುಮಂತಯ್ಯನವರ ತ್ಯಾಗದ ಫಲ ನಮ್ಮ ಅಂಗಳದವರೆಗೆ ಬರಲಿಲ್ಲವೆಂಬ ನೋವು ನಮಗಿದೆ.

ಆದರೂ ಆ ದಿನ ನಮಗೆ ಬರಿಗೈಯಲ್ಲಿ ಕಳೆದುಹೋಗಲಿಲ್ಲ. ರಾಜ್ಯಗಳ ಗಡಿ ಬದಲಿಸಿದ 1956ರ ಏಳನೆಯ ತಿದ್ದುಪಡಿಯೇ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಈ ರಕ್ಷಣೆಗಳ ಮೇಲೆ ನಿಗಾ ಇಡಲು ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ಕನ್ನಡ ಬಾರದ ಶಿಕ್ಷಕರು ನಮ್ಮ ತರಗತಿಗೆ ನೇಮಕಗೊಂಡಾಗ, ಪಠ್ಯಪುಸ್ತಕ ತಡವಾದಾಗ, ನಾವು ಬರೆಯುವ ಮನವಿಗಳಿಗೆ ಈ ವಿಧಿಗಳೇ ಆಧಾರ.

ಆದುದರಿಂದ ಈ ನವೆಂಬರಿನಲ್ಲಿ ಮಕ್ಕಳಿಗೆ ಎರಡನ್ನೂ ಹೇಳೋಣ. ತನ್ನ ನಾಡಿಗಾಗಿ ಪದವಿಯನ್ನು ಪಣವಿಟ್ಟ ಮುಖ್ಯಮಂತ್ರಿಯೊಬ್ಬರಿದ್ದರು ಎಂಬುದನ್ನು ಹೇಳೋಣ. ಆ ನಾಡಿನ ಗೆರೆಯಾಚೆ ಉಳಿದ ನಮ್ಮ ಶಾಲೆಗಳನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು ಎಂಬುದನ್ನೂ ಹೇಳೋಣ. ಹೆತ್ತವರು ಬರುವ ಜೂನಿನಲ್ಲಿ ಮಗುವಿನ ಕೈಹಿಡಿದು ಕನ್ನಡ ಶಾಲೆಯ ಹೊಸ್ತಿಲು ದಾಟಿದರೆ ಆ ಹೊಣೆಯ ಅರ್ಧಭಾಗ ನೆರವೇರಿದಂತೆಯೇ ಸರಿ.