ಚಿಗುರಿನ ಲೆಕ್ಕವಿಟ್ಟ ರಾಬರ್ಟ್ ಮಾರ್ಷಮ್

ಮಹಾಪುರುಷರ ಜೀವನಚರಿತ್ರೆ ಎಂದೊಡನೆ ರಾಜ್ಯಗಳನ್ನು ಗೆದ್ದವರು, ಹೊಸ ನಾಡುಗಳನ್ನು ಕಂಡುಹಿಡಿದವರು, ಯಂತ್ರಗಳನ್ನು ರಚಿಸಿದವರು ನೆನಪಿಗೆ ಬರುವುದು ಸಹಜ. ಆದರೆ ಈ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ನಾವು ಪರಿಚಯಿಸಬಯಸುವ ಮಹನೀಯನು ಇಂಥ ಯಾವ ಸಾಹಸವನ್ನೂ ಮಾಡಿದವನಲ್ಲ. ತನ್ನ ಊರಿನ ಮರಗಳು ಯಾವ ವರ್ಷ ಯಾವ ದಿನ ಚಿಗುರಿದವು ಎಂಬುದನ್ನು ಬರೆದಿಟ್ಟುದೇ ಅವನ ಸಾಧನೆ. ಅರುವತ್ತು ವರ್ಷಗಳ ಕಾಲ ಬಿಡದೆ ಮಾಡಿದ ಆ ಸಣ್ಣ ಕೆಲಸವು, ಅವನು ಗತಿಸಿ ಸುಮಾರು ಇನ್ನೂರು ವರ್ಷಗಳಾದ ಮೇಲೆ, ಹವೆ ಬದಲಾದಂತೆ ಮರಗಳ ನಡತೆಯೂ ಬದಲಾಗುವುದೇ ಎಂಬ ದೊಡ್ಡ ಪ್ರಶ್ನೆಗೆ ಸಾಕ್ಷಿ ನುಡಿಯಿತು.

ರಾಬರ್ಟ್ ಮಾರ್ಷಮನು 1708ನೆಯ ಇಸವಿ ಜನವರಿ 27ರಂದು ಜನಿಸಿದನು. ಇಂಗ್ಲೆಂಡಿನ ಪೂರ್ವಭಾಗದಲ್ಲಿ ನಾರ್ಫಕ್ ಎಂಬ ಪ್ರಾಂತವಿದೆ. ಅಲ್ಲಿನ ನಾರಿಚ್ ನಗರದ ಉತ್ತರಕ್ಕೆ ಸ್ಟ್ರಾಟನ್ ಸ್ಟ್ರಾಲೆಸ್ ಎಂಬ ಹಳ್ಳಿ. ಅವನ ಮನೆತನದ ಜಮೀನು ಇದ್ದುದು ಅಲ್ಲಿಯೇ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕ್ಲೇರ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದನಾದರೂ, ಪಟ್ಟಣದ ವೈಭವವು ಅವನನ್ನು ಹಿಡಿದಿಡಲಿಲ್ಲ. ಊರಿಗೆ ಹಿಂದಿರುಗಿ ತನ್ನ ಭೂಮಿಯಲ್ಲಿ ಮರಗಳನ್ನು ನೆಟ್ಟು ಬೆಳೆಸುವುದರಲ್ಲಿ ತೊಡಗಿದನು.

ಅವನಿಗೆ ಅಚ್ಚುಮೆಚ್ಚಾದ ಮರಗಳಲ್ಲಿ ಓಕ್ ಒಂದು. ಮುಂಬಯಿಯ ಬೀದಿಗಳಲ್ಲಿ ಈ ಮರ ಕಾಣಸಿಗದು. ನಮ್ಮ ದೇಶದಲ್ಲಿ ಅದರ ಬಂಧುಗಳು ಹಿಮಾಲಯದ ಇಳಿಜಾರುಗಳಲ್ಲಿ ಬೆಳೆಯುತ್ತವೆ. ಇಂಗ್ಲೆಂಡಿನಲ್ಲಾದರೋ ಅದು ನಾಡಿನ ಹೆಮ್ಮೆಯ ಮರ. ಆ ಕಾಲದಲ್ಲಿ ಹಡಗಿಗೂ ಮನೆಯ ತೊಲೆಗೂ ಅದರ ದಾರುವೇ ಬೇಕಾಗಿತ್ತು. ಚಳಿಗಾಲದಲ್ಲಿ ಅದು ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ವಸಂತದಲ್ಲಿ ಅದರ ಮೊಗ್ಗುಗಳು ಬಿರಿದು ಎಳೆಯ ಎಲೆ ಕಾಣಿಸಿಕೊಂಡಿತೆಂದರೆ ಚಳಿ ಹಿಂದೆ ಸರಿಯಿತೆಂದೇ ಜನರ ನಂಬಿಕೆ. ಬೇವು ಹೂಬಿಟ್ಟು ಮಾವು ಚಿಗುರಿದಾಗ ಯುಗಾದಿ ಬಂದಿತೆಂದು ನಮ್ಮ ಹಿರಿಯರು ತಿಳಿಯುತ್ತಿದ್ದಂತೆಯೇ ಇದು.

1736ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮಾರ್ಷಮನು ವಸಂತದ ಕುರುಹುಗಳನ್ನು ತಾರೀಖು ಸಹಿತ ಬರೆದಿಡಲು ಆರಂಭಿಸಿದನು. ಓಕ್ ಮೊದಲಾದ ಮರಗಳ ಮೊದಲ ಎಲೆ, ಸ್ನೋಡ್ರಾಪ್ ಎಂಬ ಬಿಳಿ ಹೂವಿನ ಮೊದಲ ಅರಳು, ಕವಲುತೋಕೆ ಹಕ್ಕಿಯ ಆಗಮನ, ನಮ್ಮ ಕೋಗಿಲೆಗೆ ಬಂಧುವಾದ ಕುಕ್ಕೂ ಹಕ್ಕಿಯ ಮೊದಲ ಕೂಗು, ಕಪ್ಪೆಗಳ ವಟಗುಟ್ಟುವಿಕೆ, ಇಂಥ 27 ಕುರುಹುಗಳು ಅವನ ಪಟ್ಟಿಯಲ್ಲಿದ್ದವು. ಇದಕ್ಕೆ ದುರ್ಬೀನು ಬೇಕಾಗಿರಲಿಲ್ಲ, ಪ್ರಯೋಗಶಾಲೆಯೂ ಬೇಕಾಗಿರಲಿಲ್ಲ. ಕಣ್ಣು, ಕಿವಿ, ಒಂದು ಲೇಖನಿ ಇಷ್ಟೇ ಸಾಧನ. ಆದರೆ ನಾಳೆ ನೋಡಿದರಾಯಿತು ಎಂದು ಒಂದು ದಿನ ಉದಾಸೀನ ಮಾಡಿದರೆ ಆ ವರ್ಷದ ತಾರೀಖು ತಪ್ಪಿತು. ಹೋದ ವಸಂತವು ಮರಳಿ ಬಾರದು.

ಅವನ ವಸಂತಗಳೆಲ್ಲ ಒಂದೇ ಬಗೆಯವಾಗಿರಲಿಲ್ಲ. 1739ರ ಕೊನೆಯಿಂದ 1740ರ ಆರಂಭದವರೆಗೆ ಇಂಗ್ಲೆಂಡಿನಲ್ಲಿ ಘೋರವಾದ ಚಳಿ ಬಿದ್ದಿತು. ಮಧ್ಯ ಇಂಗ್ಲೆಂಡಿನ ಉಷ್ಣತೆಯ ಲೆಕ್ಕವು 1659ರಿಂದ ದೊರೆಯುತ್ತದೆ. ಅದರಲ್ಲಿ 1740ರಷ್ಟು ತಣ್ಣನೆಯ ವರ್ಷ ಇನ್ನೊಂದಿಲ್ಲ. ಆ ವರ್ಷದ ಸರಾಸರಿ ಉಷ್ಣತೆ 7 ಡಿಗ್ರಿ ಸೆಂಟಿಗ್ರೇಡಿಗೂ ಕಡಿಮೆ. 1752ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಹಳೆಯ ಪಂಚಾಂಗವನ್ನು ತಿದ್ದುವುದಕ್ಕಾಗಿ ಸರಕಾರವು 11 ದಿನಗಳನ್ನು ಬಿಟ್ಟುಬಿಟ್ಟಿತು. ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಆಯಿತು. ಮನುಷ್ಯರ ಪಂಚಾಂಗ ಹೀಗೆ ಜಿಗಿದರೂ ಮರಗಳು ಜಿಗಿಯಲಿಲ್ಲ. ಆದುದರಿಂದ ಆ ಕಾಲದ ಹಳೆಯ ತಾರೀಖುಗಳನ್ನು ಇಂದಿನವುಗಳೊಡನೆ ಹೋಲಿಸುವವರು ಈ 11 ದಿನಗಳನ್ನು ಮರೆಯುವಂತಿಲ್ಲ.

ಮರಗಳ ಬುಡದ ಸುತ್ತಳತೆಯನ್ನು ವರ್ಷ ವರ್ಷವೂ ಅಳೆಯುವುದು ಮಾರ್ಷಮನ ಇನ್ನೊಂದು ಅಭ್ಯಾಸ. ಬೀಚ್ ಎಂಬ ಜಾತಿಯ ಒಂದು ಮರದ ಕಾಂಡವನ್ನು ನೀರಿನಿಂದ ತೊಳೆದು ಉಜ್ಜಿಸಿ, ಹಾಗೆ ತೊಳೆಯದ ಮರಗಳಿಗಿಂತ ಅದು ಹೆಚ್ಚು ದಪ್ಪವಾಗುವುದೆಂದು ಕಂಡನು. ಈ ವಿಷಯದ ಅವನ ಬರಹವು 1777ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1780ರಲ್ಲಿ ಆ ಸಂಸ್ಥೆಯು ಅವನನ್ನು ಸದಸ್ಯನನ್ನಾಗಿ ಆರಿಸಿತು. ವಸಂತದ ಕುರುಹುಗಳ ಪಟ್ಟಿಯು ಅದೇ ಪತ್ರಿಕೆಯಲ್ಲಿ 1789ರಲ್ಲಿ ಹೊರಬಂದಿತು. ಆಗ ಅವನಿಗೆ ಎಂಬತ್ತೊಂದು ವರ್ಷ! ಸೆಲ್ಬೋರ್ನ್ ಎಂಬ ಹಳ್ಳಿಯ ಪ್ರಾಣಿಪಕ್ಷಿಗಳನ್ನು ಕುರಿತು ಬರೆದು ಹೆಸರಾದ ಗಿಲ್ಬರ್ಟ್ ವೈಟನ ಗ್ರಂಥ ಹೊರಬಿದ್ದುದೂ ಅದೇ ವರ್ಷ. 1790ರಿಂದ, ವೈಟನು ತೀರಿಕೊಂಡ 1793ರವರೆಗೆ, ಈ ಇಬ್ಬರು ವೃದ್ಧರು ಹಕ್ಕಿಗಳನ್ನೂ ಮರಗಳನ್ನೂ ಕುರಿತು ಪತ್ರಗಳನ್ನು ಬರೆದುಕೊಳ್ಳುತ್ತಿದ್ದರು.

1797ರ ಸೆಪ್ಟೆಂಬರ್ 4ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಮಾರ್ಷಮನು ಕಾಲವಾದನು. ಆದರೆ ಪುಸ್ತಕ ಮುಚ್ಚಲಿಲ್ಲ. ಅವನ ವಂಶದವರು ತಲೆಮಾರಿನಿಂದ ತಲೆಮಾರಿಗೆ ಆ ಲೆಕ್ಕವನ್ನು ಮುಂದುವರಿಸಿದರು. ನಡುವೆ ಕೆಲವು ವರ್ಷಗಳ ಬಿಡುವು ಬಂದಿತಾದರೂ 1958ರವರೆಗೂ ಅದು ನಡೆಯಿತು. ಹೊಲ, ಮನೆ, ಒಡವೆಗಳನ್ನು ಮಕ್ಕಳಿಗೆ ಬಿಟ್ಟುಹೋಗುವವರು ಬಹಳ. ಒಂದು ಅಭ್ಯಾಸವನ್ನು ಆಸ್ತಿಯಾಗಿ ಬಿಟ್ಟುಹೋದವನು ಮಾರ್ಷಮನು.

ಈ ಲೆಕ್ಕದಿಂದಾದ ಪ್ರಯೋಜನವೇನು? 1926ರಲ್ಲಿ ಒಬ್ಬ ವಿದ್ವಾಂಸನು ಅದನ್ನೆಲ್ಲ ಕ್ರಮಪಡಿಸಿ ಪರಿಶೀಲಿಸಿದನು. 1995ರಲ್ಲಿ ವಿಜ್ಞಾನಿಗಳು ಮತ್ತೆ ಅದನ್ನು ಕೈಗೆತ್ತಿಕೊಂಡು ಉಷ್ಣತೆಯ ದಾಖಲೆಗಳೊಡನೆ ಹೋಲಿಸಿದರು. ಓಕ್ ಮರವು ದಿನಾಂಕ ನೋಡಿ ಚಿಗುರುವುದಿಲ್ಲ, ಚಳಿಗಾಲದ ಕೊನೆಯ ಮತ್ತು ವಸಂತದ ಮೊದಲ ತಿಂಗಳುಗಳ ಬಿಸಿಯನ್ನು ಅನುಸರಿಸಿ ಚಿಗುರುತ್ತದೆ ಎಂಬುದು ಇಂಥ ಹೋಲಿಕೆಗಳಿಂದ ಸ್ಪಷ್ಟವಾಯಿತು. ಆ ಕಾಲದ ಹವೆ ಒಂದು ಡಿಗ್ರಿ ಏರಿದರೆ ಎಲೆ ಸುಮಾರು ಒಂದು ವಾರ ಮೊದಲೇ ಹೊರಡುತ್ತದೆ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿಯ ಹವೆ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಮಧ್ಯ ಇಂಗ್ಲೆಂಡಿನ ವಾರ್ಷಿಕ ಸರಾಸರಿ ಉಷ್ಣತೆಯು 2022ರಲ್ಲಿ ಮೊದಲ ಬಾರಿಗೆ 11 ಡಿಗ್ರಿಯನ್ನು ದಾಟಿತು. ದಕ್ಷಿಣ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ 20ನೆಯ ಶತಮಾನದ ನಡುಭಾಗದಿಂದ ಇಟ್ಟ ಇನ್ನೊಂದು ಲೆಕ್ಕದ ಪ್ರಕಾರ ಅಲ್ಲಿನ ಓಕ್ ಮರಗಳು 1950ರ ದಶಕಕ್ಕಿಂತ ಎರಡು ವಾರಗಳಿಗೂ ಹೆಚ್ಚು ಮುಂಚಿತವಾಗಿ ಚಿಗುರತೊಡಗಿವೆ.

ಎಲೆ ಬೇಗ ಬಂದರೆ ಕೆಡುಕೇನು ಎಂದು ನೀವು ಕೇಳಬಹುದು. ಓಕಿನ ಎಳೆಯ ಎಲೆಯನ್ನು ತಿಂದು ಬದುಕುವ ಕಂಬಳಿಹುಳುಗಳಿವೆ. ಎಲೆ ಬಲಿತರೆ ಅದು ಒಗರಾಗಿ ಗಡುಸಾಗುತ್ತದೆ, ಆ ಹುಳುಗಳಿಗೆ ಒಗ್ಗುವುದಿಲ್ಲ. ಆ ಹುಳುಗಳನ್ನೇ ತಮ್ಮ ಮರಿಗಳಿಗೆ ಉಣಿಸುವ ಪುಟ್ಟ ಹಕ್ಕಿಗಳಿವೆ. ದೂರದ ಆಫ್ರಿಕದಿಂದ ಹಾರಿ ಬರುವ ಹಕ್ಕಿಗೆ ಓಕ್ ಮರ ಈ ವರ್ಷ ಬೇಗ ಚಿಗುರಿತೆಂಬ ಸುದ್ದಿ ಮುಟ್ಟುವುದು ಹೇಗೆ? ಅದು ಬಂದು ಮೊಟ್ಟೆಯಿಟ್ಟು ಮರಿ ಮಾಡುವ ವೇಳೆಗೆ ಹುಳುಗಳ ಸುಗ್ಗಿ ಮುಗಿದಿದ್ದರೆ ಮರಿಗಳಿಗೆ ಉಪವಾಸ. ಎಲೆ, ಹುಳು, ಹಕ್ಕಿ ಈ ಮೂರೂ ಒಂದೇ ತಾಳಕ್ಕೆ ಹೆಜ್ಜೆಯಿಡಬೇಕು. ಒಬ್ಬರ ಹೆಜ್ಜೆ ತಪ್ಪಿದರೆ ಕುಣಿತವೇ ಕೆಡುತ್ತದೆ.

ಈ ಎಲ್ಲ ವಿಷಯ ಮಾರ್ಷಮನಿಗೆ ತಿಳಿದಿರಲಿಲ್ಲ. ಹವೆ ಬಿಸಿಯಾಗುವುದೆಂದು ಅವನು ಕನಸಿನಲ್ಲಿಯೂ ನೆನೆದಿರಲಾರನು. ತನ್ನ ಕೆಲಸವು ಯಾರಿಗೆ, ಎಂದು, ಏತಕ್ಕೆ ಉಪಯೋಗವಾದೀತೆಂಬುದನ್ನು ಅರಿಯದೆಯೇ ಅವನು ಅದನ್ನು ಪ್ರಾಮಾಣಿಕವಾಗಿ ಮಾಡಿದನು. ನಿಂತುಹೋದ ವಸಂತಗಳ ಲೆಕ್ಕವನ್ನು ಇಂದು ಎಷ್ಟು ಹಣ ಕೊಟ್ಟರೂ ಕೊಳ್ಳಲಾಗದು. ಅವನು ಬರೆದಿಟ್ಟನು, ಆದುದರಿಂದ ನಮಗೆ ದೊರೆಯಿತು.

ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಶಾಲೆಗೆ ಬರುವ ದಾರಿಯಲ್ಲಿ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಮರ ಸಿಕ್ಕೀತು. ಅರಳಿಯೋ, ಮಾವೋ, ಚಳಿಗಾಲದಲ್ಲಿ ಎಲೆ ಕೆಂಪಾಗಿ ಉದುರುವ ಕಾಡುಬಾದಾಮಿಯೋ ಆಗಿರಲಿ, ಅದು ಯಾವ ದಿನ ಚಿಗುರಿತು, ಯಾವ ದಿನ ಹೂಬಿಟ್ಟಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಈ ವರ್ಷ ಒಂದೇ ಸಾಲು, ಮುಂದಿನ ವರ್ಷ ಇನ್ನೊಂದು ಸಾಲು. ನೀವು ಶಾಲೆ ಬಿಟ್ಟು ಹೋಗುವಾಗ ಆ ನೋಟ್‌ಬುಕ್ಕನ್ನು ಕೆಳಗಿನ ತರಗತಿಯ ತಮ್ಮನಿಗೋ ತಂಗಿಗೋ ಒಪ್ಪಿಸಿ ಹೋಗಿ. ಮಾರ್ಷಮನ ಮನೆಯವರು ಮಾಡಿದುದೂ ಅಷ್ಟೇ.